ಹಳೆಯ ಮೋಟಾರ್ ಸೈಕಲ್ಲಿನ ಕ್ಲಚ್ಚು: ರೋಗವೂ ಚಿಕಿತ್ಸೆಯೂ

(ಸಂಘದ ಭಾನುವಾರದ ಕೂಟದಲ್ಲಿ ಮಾಡಿದ ಉಪನ್ಯಾಸದ ಪಾಠ)



ಈ ವೇದಿಕೆಯ ಮೇಲೆ ಬೋನಸ್ಸು, ಗ್ರಾಚ್ಯುಟಿ, ರಾತ್ರಿ ಶಾಲೆ, ನಾಡಹಬ್ಬ ಇವುಗಳ ಬಗ್ಗೆ ಮಾತು ನಡೆಯುವುದು ವಾಡಿಕೆ. ಇಂದು ನಾವು ಮೋಟಾರ್ ಸೈಕಲ್ಲಿನ ಕ್ಲಚ್ಚಿನ ಬಗ್ಗೆ ಮಾತನಾಡಲು ನಿಂತಿದ್ದೇವೆ. ಇದೂ ಒಂದು ಸಂಘದ ಕೆಲಸವೇ ಎಂದು ಕೆಲವರು ನಗಬಹುದು. ನಗಲಿ, ಅದಕ್ಕೆ ನಮ್ಮ ಅಡ್ಡಿಯಿಲ್ಲ. ಆದರೆ ಬೆಳಗಿನ ಜಾವ ನಾಲ್ಕಕ್ಕೆ ಹೋಗಿ ಒಲೆ ಹೊತ್ತಿಸಬೇಕಾದ ಭಟ್ಟರಿಗೆ, ಲೋಕಲ್ ರೈಲು ನಿಂತ ಮೇಲೆ ಪಾಳಿ ಮುಗಿಸಿ ದೂರದ ಉಪನಗರದ ಮನೆ ಸೇರಬೇಕಾದ ಕೆಲಸಗಾರನಿಗೆ, ಊಟದ ಪೊಟ್ಟಣವನ್ನು ಮನೆಮನೆಗೆ ಮುಟ್ಟಿಸುವ ಹುಡುಗನಿಗೆ ಎರಡು ಚಕ್ರದ ಗಾಡಿಯೆಂಬುದು ಷೋಕಿಯ ವಸ್ತುವಲ್ಲ. ಅದು ಅನ್ನದ ದಾರಿ. ಹೊಸದನ್ನು ಕೊಳ್ಳುವಷ್ಟು ಹಣ ಒಮ್ಮೆಗೇ ಯಾರ ಕೈಯಲ್ಲಿರುತ್ತದೆ? ಆದುದರಿಂದ ನಮ್ಮವರು ಹಳೆಯದನ್ನು ಕೊಳ್ಳುತ್ತಾರೆ. ಚೀಟಿ ಎತ್ತಿದ ಹಣ, ಊರಿಗೆ ಕಳಿಸಬೇಕಾಗಿದ್ದ ಹಣ, ಅದರಲ್ಲಿ ಸೇರಿರುತ್ತದೆ. ಆ ಹಣ ಒಂದು ಕ್ಲಚ್ಚಿನಲ್ಲಿ ಸವೆದು ಹೋಗಬಾರದು ಎಂಬುದೇ ನಮ್ಮ ಈ ಮಾತಿನ ಉದ್ದೇಶ.

ಕ್ಲಚ್ಚನ್ನೇ ಏಕೆ ಆರಿಸಿದೆವು? ಹಳೆಯ ಗಾಡಿಯಲ್ಲಿ ಮೊದಲು ಸೋಲುವ ಅಂಗಗಳಲ್ಲಿ ಅದೂ ಒಂದು. ಅದು ಸೋತಾಗ ತೋರುವ ಲಕ್ಷಣಗಳು ಬಹುಮಟ್ಟಿಗೆ ಎಂಜಿನ್ ಸೋತ ಹಾಗೆಯೇ ಇರುತ್ತವೆ. ಈ ಹೋಲಿಕೆಯಿಂದಲೇ ಬಡವನಿಗೆ ನಷ್ಟ. ನೂರಿನ್ನೂರರಲ್ಲಿ ಮುಗಿಯುವ ಕೇಬಲ್ಲಿನ ಕೆಲಸಕ್ಕೆ ಸಾವಿರಾರು ರೂಪಾಯಿಯ ಎಂಜಿನ್ ಬಿಚ್ಚುವ ಕೆಲಸ ಅಂಟಿಕೊಳ್ಳುತ್ತದೆ.

ಯಾವ ಗಾಡಿಗಳು?

ನಮ್ಮ ಜನ ಹೆಚ್ಚಾಗಿ ಆಸೆಪಡುವ ಹಳೆಯ ಗಾಡಿಗಳು ಎರಡು. ಒಂದು ಮದರಾಸಿನಲ್ಲಿ 1955ರಲ್ಲಿ ಸ್ಥಾಪನೆಯಾದ ಎನ್‌ಫೀಲ್ಡ್ ಇಂಡಿಯಾ ಕಂಪೆನಿಯವರ ಬುಲೆಟ್ಟು. ಇನ್ನೊಂದು ನಮ್ಮ ಮೈಸೂರಿನದೇ ಆದ ಜಾವಾ ಮತ್ತು ಎಜ್ಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಲ್ಲಿ ಆರಂಭವಾದ ಉತ್ಪಾದನೆ 1996ರಲ್ಲಿ ನಿಂತುಹೋಯಿತು. ಅದೇ ಹೆಸರಿನ ಹೊಸ ಗಾಡಿಗಳು 2018ರಿಂದೀಚೆಗೆ ಬೇರೆ ಕಂಪೆನಿಯಿಂದ, ಬೇರೆ ಊರಿನಿಂದ ಬರುತ್ತಿವೆ. ಅವುಗಳ ಯಂತ್ರವೇ ಬೇರೆ. ನಾವು ಇಂದು ಮುಖ್ಯವಾಗಿ ಹೇಳುವುದು ಹಳೆಯ ನಾಲ್ಕು ಗೇರಿನ ಬುಲೆಟ್ಟನ್ನು ಕುರಿತು. ಮೂಲತತ್ವ ಮಾತ್ರ ಎಲ್ಲಕ್ಕೂ ಒಂದೇ.

ದಿಲ್ಲಿಯ ಕರೋಲ್ ಬಾಗ್, ಚೆನ್ನೈಯ ಪುದುಪೇಟೆ, ಮುಂಬಯಿಯ ಕುರ್ಲಾ, ಇಂಥ ಕಡೆಗಳಲ್ಲಿ ಹಳೆಯ ಗಾಡಿಯೂ ಅದರ ಭಾಗಗಳೂ ದೊರೆಯುತ್ತವೆ. ಅಲ್ಲಿಂದ ಬರುವ ಅನೇಕ ಗಾಡಿಗಳು ಹುಟ್ಟಿದ ರೂಪದಲ್ಲಿ ಉಳಿದಿರುವುದಿಲ್ಲ. ಒಬ್ಬ ಯಜಮಾನ ತನ್ನ ರುಚಿಗೆ ತಕ್ಕಂತೆ ಎತ್ತರದ ಹ್ಯಾಂಡಲ್ ಹಾಕಿಸಿರುತ್ತಾನೆ. ಇನ್ನೊಬ್ಬ ಅಗಲದ ಟೈರು, ಬೇರೆ ಗಾಡಿಯ ಲಿವರು, ಬೇರೆ ಸೈಲೆನ್ಸರು ಕೂಡಿಸಿರುತ್ತಾನೆ. ಇದನ್ನು ಮಾಡಿಫೈ ಮಾಡಿದ ಗಾಡಿ ಎನ್ನುತ್ತಾರೆ. ನೋಡಲು ಚೆಲುವಾಗಿದೆ, ಸರಿ. ಆದರೆ ಹೀಗೆ ಮಾಡಿದ ಪ್ರತಿಯೊಂದು ಬದಲಾವಣೆಗೂ ಯಂತ್ರದಲ್ಲಿ ಎಲ್ಲೋ ಒಂದು ಕಡೆ ಲೆಕ್ಕ ತೀರಬೇಕು. ಎಷ್ಟೋ ಸಲ ಆ ಲೆಕ್ಕ ತೀರುವುದು ಕ್ಲಚ್ಚಿನಲ್ಲಿ.

ಕ್ಲಚ್ಚು ಮಾಡುವ ಕೆಲಸ

ಹಳೆಯ ಕಾಲದ ಗಿರಣಿಗಳನ್ನು ಕಂಡ ಹಿರಿಯರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಮೇಲೆ ಲೈನ್ ಷಾಫ್ಟು ಸದಾ ತಿರುಗುತ್ತಿರುತ್ತಿತ್ತು. ಸಾಂಚೆಯ ಪಕ್ಕದಲ್ಲಿ ಎರಡು ಪುಲ್ಲಿ: ಒಂದು ಬಿಗಿ, ಒಂದು ಸಡಿಲು. ಪಟ್ಟಾವನ್ನು ಬಿಗಿ ಪುಲ್ಲಿಯ ಮೇಲೆ ಸರಿಸಿದರೆ ಸಾಂಚೆ ನಡೆಯಿತು. ಸಡಿಲು ಪುಲ್ಲಿಗೆ ಸರಿಸಿದರೆ ಷಾಫ್ಟು ತಿರುಗುತ್ತಿದ್ದರೂ ಸಾಂಚೆ ನಿಂತಿತು. ಒಬ್ಬ ನೇಕಾರ ತನ್ನ ಸಾಂಚೆ ನಿಲ್ಲಿಸಲು ಇಡೀ ಖಾತೆಯನ್ನೇ ನಿಲ್ಲಿಸಬೇಕಾಗಿರಲಿಲ್ಲ. ಮೋಟಾರ್ ಸೈಕಲ್ಲಿನಲ್ಲಿ ಆ ಕೆಲಸವನ್ನು ಮಾಡುವುದೇ ಕ್ಲಚ್ಚು. ಎಂಜಿನ್ ತಿರುಗುತ್ತಿರಲಿ, ಚಕ್ರ ಬೇಕಾದಾಗ ಸೇರಲಿ, ಬೇಡವಾದಾಗ ಬಿಡಲಿ.

ಇಲ್ಲಿ ಪಟ್ಟಾ ಇಲ್ಲ, ದುಂಡನೆಯ ತಟ್ಟೆಗಳಿವೆ. ಒಂದು ಘರ್ಷಣೆಯ ಪ್ಲೇಟು, ಒಂದು ಉಕ್ಕಿನ ಪ್ಲೇಟು, ಮತ್ತೆ ಘರ್ಷಣೆಯದು, ಮತ್ತೆ ಉಕ್ಕಿನದು, ಹೀಗೆ ಒಂದರ ಮೇಲೊಂದು. ಒಂದು ಜಾತಿಯವು ಹೊರಗಿನ ಡ್ರಮ್ಮಿಗೆ ಸಿಕ್ಕಿಕೊಂಡು ಎಂಜಿನ್ನಿನೊಡನೆ ತಿರುಗುತ್ತವೆ. ಇನ್ನೊಂದು ಜಾತಿಯವು ಒಳಗಿನ ಹಬ್ಬಿಗೆ ಸಿಕ್ಕಿಕೊಂಡು ಗೇರಿನೊಡನೆ ತಿರುಗುತ್ತವೆ. ಎಲ್ಲವನ್ನೂ ಒಟ್ಟಾಗಿ ಒತ್ತಿ ಹಿಡಿದಿರುವುದು ಸ್ಪ್ರಿಂಗುಗಳು. ನಾವು ಎಡಗೈಯ ಲಿವರನ್ನು ಎಳೆದಾಗ ಕೇಬಲ್ಲು ಗೇರ್‌ಬಾಕ್ಸಿನ ಬಲಗಡೆಯ ಒಂದು ಸನ್ನೆಯನ್ನು ಎಳೆಯುತ್ತದೆ. ಆ ಸನ್ನೆ, ಟೊಳ್ಳು ಷಾಫ್ಟಿನ ಒಳಗೆ ಹಾಯ್ದಿರುವ ಪುಷ್ ರಾಡನ್ನು ಎಡಗಡೆಗೆ ತಳ್ಳುತ್ತದೆ. ರಾಡು ಹೊರಗಿನ ಪ್ರೆಷರ್ ಪ್ಲೇಟನ್ನು ಎತ್ತುತ್ತದೆ, ಪ್ಲೇಟುಗಳು ಬಿಡಿಬಿಡಿಯಾಗುತ್ತವೆ. ಕೈ ಬಿಟ್ಟರೆ ಸ್ಪ್ರಿಂಗುಗಳು ಮತ್ತೆ ಒತ್ತುತ್ತವೆ.

ಒಂದು ಮಾತನ್ನು ನೆನಪಿನಲ್ಲಿಡಿ: ಗಾಡಿಯನ್ನು ನಡೆಸುವುದು ಸ್ಪ್ರಿಂಗಿನ ಒತ್ತಡ, ಬಿಡಿಸುವುದು ನಮ್ಮ ಕೈ. ಈ ಎರಡರಲ್ಲಿ ಯಾವುದು ಸೋತಿದೆ ಎಂದು ತಿಳಿದರೆ ಅರ್ಧ ಚಿಕಿತ್ಸೆ ಮುಗಿದ ಹಾಗೆ.

ಎರಡು ಮುಖ್ಯ ರೋಗಗಳು

ಮೊದಲನೆಯದು ಜಾರುವಿಕೆ. ಪ್ಲೇಟುಗಳು ಕೂಡಿದ್ದರೂ ಬಿಗಿಯಾಗಿ ಕೂಡಿರುವುದಿಲ್ಲ. ಹೋಟೆಲಿನ ಗ್ರೈಂಡರಿನಲ್ಲಿ ಹಿಟ್ಟು ಗಟ್ಟಿಯಾದಾಗ ಮೋಟಾರು ಓಡುತ್ತಿರುತ್ತದೆ, ಕಲ್ಲು ನಿಂತಿರುತ್ತದೆ, ಬೆಲ್ಟು ಸುಟ್ಟ ವಾಸನೆ ಬರುತ್ತದೆ. ಇದೂ ಹಾಗೆಯೇ. ಮೇಲಿನ ಗೇರಿನಲ್ಲಿ ಹೋಗುತ್ತಿರುವಾಗ ಆಕ್ಸಿಲರೇಟರ್ ತಿರುವಿದರೆ ಎಂಜಿನ್ನಿನ ಸದ್ದು ಏರುತ್ತದೆ, ಗಾಡಿಯ ವೇಗ ಏರುವುದಿಲ್ಲ. ಏರುದಾರಿಯಲ್ಲಿ, ಹಿಂದೆ ಒಬ್ಬರು ಕೂತಾಗ, ಇದು ಇನ್ನೂ ಸ್ಪಷ್ಟ. ಹಳೆಯ ಬುಲೆಟ್ಟಿನಲ್ಲಿ ಇನ್ನೊಂದು ಗುರುತುಂಟು. ಅದರ ಕಿಕ್ಕಿನ ಬಲ ಕ್ಲಚ್ಚಿನ ಮೂಲಕವೇ ಎಂಜಿನ್ನಿಗೆ ಹೋಗುತ್ತದೆ. ಕಿಕ್ ತುಳಿದಾಗ ಎಂಜಿನ್ ತಿರುಗದೆ ಕಾಲು ಸುಮ್ಮನೆ ಕೆಳಗಿಳಿದರೆ ಕ್ಲಚ್ಚು ಜಾರುತ್ತಿದೆ, ಇಲ್ಲವೇ ಕಿಕ್ಕಿನ ಹಲ್ಲು ಸವೆದಿದೆ.

ಎರಡನೆಯದು ಅಂಟುವಿಕೆ. ಲಿವರನ್ನು ಪೂರ್ತಿ ಎಳೆದರೂ ಪ್ಲೇಟುಗಳು ಬಿಡುವುದಿಲ್ಲ. ತೊಳೆದ ಸ್ಟೀಲಿನ ತಟ್ಟೆಗಳನ್ನು ಒದ್ದೆಯಾಗಿಯೇ ಒಂದರ ಮೇಲೊಂದು ಪೇರಿಸಿಟ್ಟು ಬೆಳಿಗ್ಗೆ ತೆಗೆಯಲು ಹೋದರೆ ಎರಡು ಮೂರು ಒಟ್ಟಿಗೆ ಬರುತ್ತವೆಯಲ್ಲ, ಅದೇ ರೀತಿ. ಲಕ್ಷಣಗಳು: ಮೊದಲ ಗೇರು ಹಾಕುವಾಗ ಕಟಕ್ಕೆಂಬ ಸದ್ದು, ಗಾಡಿ ಮುಂದಕ್ಕೆ ಜಿಗಿಯುವುದು ಅಥವಾ ಎಂಜಿನ್ ನಿಂತುಹೋಗುವುದು, ಸಿಗ್ನಲ್ಲಿನಲ್ಲಿ ನ್ಯೂಟ್ರಲ್ ಸಿಗದಿರುವುದು, ಲಿವರ್ ಹಿಡಿದಿದ್ದರೂ ಗಾಡಿ ತೆವಳುವುದು. ಇದು ಕೇವಲ ಕಿರಿಕಿರಿಯಲ್ಲ, ಅಪಾಯ. ಮುಂದೆ ಬಸ್ಸು, ಪಕ್ಕದಲ್ಲಿ ಶಾಲೆಯ ಮಕ್ಕಳು, ಅಂಥಲ್ಲಿ ತೆವಳುವ ಗಾಡಿ ಏನು ಮಾಡೀತೆಂದು ಯೋಚಿಸಿ.

ಇಲ್ಲಿ ಒಂದು ಎಚ್ಚರಿಕೆ. ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಗೇರು ಹಾಕಿ, ಕ್ಲಚ್ಚು ಹಿಡಿದರೆ ಹಿಂದಿನ ಚಕ್ರ ಅಲ್ಪಸ್ವಲ್ಪ ತಿರುಗುವುದು ಸಹಜ. ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿನ ಸ್ವಭಾವ ಅದು, ಅದರಲ್ಲಿಯೂ ಎಣ್ಣೆ ತಣ್ಣಗಿರುವಾಗ. ಬ್ರೇಕನ್ನು ಮೆಲ್ಲನೆ ಒತ್ತಿದಾಗ ಚಕ್ರ ನಿಂತು, ಎಂಜಿನ್ ಓಡುತ್ತಲೇ ಇದ್ದರೆ ರೋಗವಿಲ್ಲ. ಬ್ರೇಕು ಒತ್ತಿದಾಗ ಎಂಜಿನ್ನೂ ಕುಗ್ಗಿದರೆ ರೋಗವುಂಟು. ತಿರುಗುವ ಚಕ್ರಕ್ಕೆ ಕೈ ಮಾತ್ರ ತಾಗಿಸಬೇಡಿ.

ಕೊಳ್ಳುವ ಮುನ್ನ

ಮಾರುವವನು ಎಂಜಿನ್ ಬಿಸಿ ಮಾಡಿಟ್ಟು ಕಾದಿದ್ದರೆ ತಣ್ಣಗಾಗುವವರೆಗೆ ಕಾಯಿರಿ. ತಣ್ಣನೆಯ ಗಾಡಿಯೇ ಸತ್ಯ ಹೇಳುತ್ತದೆ. ಲಿವರ್ ಹಿಡಿದು ನೋಡಿ: ತುದಿಯಲ್ಲಿ 2ರಿಂದ 3 ಮಿಲಿಮೀಟರಿನಷ್ಟು ಸಡಿಲು ಇರಬೇಕು, ಆ ಮೇಲೆ ಹಗುರವಾಗಿ, ಎಲ್ಲಿಯೂ ತಡೆಯದೆ ಬರಬೇಕು, ಬಿಟ್ಟಾಗ ಚಟ್ಟನೆ ಹಿಂದಕ್ಕೆ ಹೋಗಬೇಕು. ಕೇಬಲ್ಲಿನ ಹೊಂದಿಕೆ ಸ್ಕ್ರೂ ಪೂರ್ತಿ ಹೊರಕ್ಕೆ ಬಂದಿದ್ದರೆ ಹೊಂದಿಸಲು ಇನ್ನು ಜಾಗವಿಲ್ಲವೆಂದು ತಿಳಿಯಿರಿ. ಎಡಗಡೆಯ ಚೈನ್ ಕೇಸಿನ ಕೆಳಗೆ ನೆಲದ ಮೇಲೆ ಎಣ್ಣೆಯ ಕಲೆ ನೋಡಿ. ಸ್ಕ್ರೂ, ನಟ್ಟುಗಳ ತಲೆ ಕೆತ್ತಿ ಹೋಗಿದ್ದರೆ ಅನೇಕರು ಅನೇಕ ಸಲ ಬಿಚ್ಚಿದ್ದಾರೆಂದು ಅರ್ಥ. ಬಳಿಕ ಓಡಿಸಿ, ಮೇಲೆ ಹೇಳಿದ ಎರಡು ರೋಗಗಳ ಪರೀಕ್ಷೆ ಮಾಡಿ.

ಕಾಗದಪತ್ರದ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಆರ್.ಸಿ.ಯಲ್ಲಿರುವ ಎಂಜಿನ್ ನಂಬರು, ಚಾಸಿಸ್ ನಂಬರುಗಳನ್ನು ಗಾಡಿಯ ಮೇಲಿನವುಗಳೊಂದಿಗೆ ಒಂದೊಂದು ಅಂಕಿಯಾಗಿ ಹೋಲಿಸಿರಿ. ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ನಮೂದಿಸಿದ ಮೂಲ ಸ್ವರೂಪಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸುವುದು ಸಲ್ಲದು. ಹಿಂದಿನವನು ಮಾಡಿದ ಬದಲಾವಣೆಗೆ ದಂಡ ತೆರುವವರು ಇಂದಿನ ಯಜಮಾನರು. ಹೆಸರು ಬದಲಾಯಿಸುವ 29 ಮತ್ತು 30ನೆಯ ನಮೂನೆಗಳಿಗೆ ಅಂದೇ ಸಹಿ ಮಾಡಿಸಿಕೊಳ್ಳಿ. ಬೇರೆ ರಾಜ್ಯದ ಗಾಡಿಯಾದರೆ ಆ ಕಡೆಯ ಆರ್.ಟಿ.ಓ.ದ ನಿರಾಕ್ಷೇಪಣಾ ಪತ್ರವೂ ಬೇಕು.

ಹೊರಗಿನಿಂದ ಒಳಕ್ಕೆ

ಈಗ ಚಿಕಿತ್ಸೆ. ಇದಕ್ಕೆ ಒಂದೇ ಸೂತ್ರ: ಖರ್ಚಿಲ್ಲದ್ದು ಮೊದಲು, ಖರ್ಚಿನದು ಕೊನೆಗೆ. ಹೊರಗಿನದು ಮೊದಲು, ಒಳಗಿನದು ಆಮೇಲೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಓಡಿಸಿ ನೋಡಿ, ಆಮೇಲೆ ಎರಡನೆಯದು. ನಾಲ್ಕನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ವಾಸಿಯಾಯಿತೆಂಬುದು ತಿಳಿಯದು. ಮುಂದಿನ ಸಲವೂ ನಾಲ್ಕಕ್ಕೂ ಹಣ ಕೊಡಬೇಕಾಗುತ್ತದೆ.

ಮೊದಲು ಲಿವರ್ ಮತ್ತು ಕೇಬಲ್ಲು. ಮಾಡಿಫೈ ಮಾಡಿದ ಗಾಡಿಯಲ್ಲಿ ರೋಗದ ಮೂಲ ಬಹಳ ಸಲ ಇಲ್ಲಿಯೇ ಇರುತ್ತದೆ. ಎತ್ತರದ ಹ್ಯಾಂಡಲ್ ಹಾಕಿ ಹಳೆಯ ಅಳತೆಯ ಕೇಬಲ್ಲನ್ನೇ ಉಳಿಸಿದರೆ ಅದು ತಿರುವುಗಳಲ್ಲಿ ಜಗ್ಗಿಕೊಂಡಿರುತ್ತದೆ. ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಲಿವರಿನ ಸಡಿಲು ಬದಲಾಗುತ್ತದೆಯೇ ನೋಡಿ. ಬದಲಾದರೆ ಕೇಬಲ್ಲಿನ ಅಳತೆ ಇಲ್ಲವೇ ದಾರಿ ತಪ್ಪಿದೆ. ಕೇಬಲ್ಲು ಅಗಲವಾದ ಬಳಸಿನಲ್ಲಿ ಹೋಗಬೇಕು, ಮೊಣಕೈಯ ಹಾಗೆ ಮುರಿಯಬಾರದು, ಸಿಲಿಂಡರಿನ ಬಿಸಿಗೆ ತಾಗಬಾರದು. ಬೇರೆ ಗಾಡಿಯ ಲಿವರ್ ಹಾಕಿದ್ದರೆ ಅದು ಎಳೆಯುವ ದೂರವೂ ಬೇರೆಯಾಗುತ್ತದೆ; ಕಡಿಮೆ ಎಳೆದರೆ ಪ್ಲೇಟುಗಳು ಪೂರ್ತಿ ಬಿಡುವುದಿಲ್ಲ. ತುದಿಯ ನಿಪ್ಪಲಿನ ಬಳಿ ಒಂದು ಎಳೆ ಹರಿದಿದ್ದರೂ ಕೇಬಲ್ಲು ಬದಲಾಯಿಸಿ. ನೂರು ಎಳೆಯ ದಾರದಲ್ಲಿ ಒಂದು ಎಳೆ ಹೋದರೆ ಏನಾಗುತ್ತದೆಂದು ನೂಲಿನವರಿಗೆ ನಾವು ಹೇಳಬೇಕೆ?

ಎರಡನೆಯದು ಹೊಂದಿಕೆ. ಕೇಬಲ್ಲಿನ ಸ್ಕ್ರೂವನ್ನು ಸಡಿಲಿಸಿ, ಗೇರ್‌ಬಾಕ್ಸಿನ ಬಲಗಡೆಯ ಸಣ್ಣ ಮುಚ್ಚಳವನ್ನು ತೆಗೆಯಿರಿ. ಒಳಗಿನ ಲಾಕ್ ನಟ್ ಸಡಿಲಿಸಿ, ನಡುವಿನ ಸ್ಕ್ರೂವನ್ನು ಪುಷ್ ರಾಡಿಗೆ ಮೆಲ್ಲನೆ ತಾಗುವವರೆಗೆ ತಿರುಗಿಸಿ, ಸ್ವಲ್ಪ ಹಿಂದಕ್ಕೆ ಬಿಟ್ಟು, ಲಾಕ್ ನಟ್ ಬಿಗಿ ಮಾಡಿ. ಆ ಮೇಲೆ ಮೇಲಿನ ಸ್ಕ್ರೂವಿನಿಂದ ಲಿವರಿನ ತುದಿಯಲ್ಲಿ 2ರಿಂದ 3 ಮಿಲಿಮೀಟರಿನ ಸಡಿಲು ತನ್ನಿರಿ. ಈ ಅಲ್ಪ ಸಡಿಲಿಗೆ ಏಕಿಷ್ಟು ಬೆಲೆ? ಸಡಿಲೇ ಇಲ್ಲದಿದ್ದರೆ ರಾಡು ಸದಾ ಪ್ರೆಷರ್ ಪ್ಲೇಟನ್ನು ತುಸು ಎತ್ತಿ ಹಿಡಿದಿರುತ್ತದೆ. ಸ್ಪ್ರಿಂಗಿನ ಒತ್ತಡ ಪೂರ್ತಿ ಬೀಳದೆ ಕ್ಲಚ್ಚು ಜಾರುತ್ತದೆ, ರಾಡಿನ ತುದಿಯೂ ಸುಡುತ್ತದೆ. ಸಡಿಲು ಅತಿಯಾದರೆ ಲಿವರಿನ ಎಳೆತ ಅಲ್ಲಿಯೇ ಮುಗಿದು ಪ್ಲೇಟು ಬಿಡುವುದಿಲ್ಲ, ಅಂಟುತ್ತದೆ. ಇನ್ನೂ ಒಂದು ವಿಷಯ: ಪ್ಲೇಟುಗಳು ಸವೆದಂತೆ ಪ್ರೆಷರ್ ಪ್ಲೇಟು ಒಳಕ್ಕೆ ಕುಳಿತು ರಾಡಿನ ಹತ್ತಿರ ಬರುತ್ತದೆ, ಸಡಿಲು ತಾನಾಗಿಯೇ ಕಡಿಮೆಯಾಗುತ್ತದೆ. ಯಾರೂ ಮುಟ್ಟದಿದ್ದರೂ ಕಳೆದ ವರ್ಷ ಸರಿಯಿದ್ದ ಕ್ಲಚ್ಚು ಈ ವರ್ಷ ಜಾರುವುದಕ್ಕೆ ಇದೇ ಕಾರಣ.

ಹಳೆಯ ಜಾವಾ, ಎಜ್ಡಿಗಳಲ್ಲಿ ಒಂದು ವಿಶೇಷವಿದೆ. ಅವುಗಳ ಗೇರಿನ ಪೆಡಲನ್ನು ಒತ್ತಿದಾಗ ಕ್ಲಚ್ಚು ಕೈಯ ನೆರವಿಲ್ಲದೆ ತಾನೇ ಬಿಡುವಂತೆ ಏರ್ಪಾಡಾಗಿದೆ. ಆದುದರಿಂದ ಅಲ್ಲಿ ಹೊಂದಿಕೆ ತಪ್ಪಿದರೆ ಕೈಯ ಕೆಲಸವೂ ಕಾಲಿನ ಕೆಲಸವೂ ಒಟ್ಟಿಗೆ ಕೆಡುತ್ತವೆ. ಆ ಗಾಡಿಗಳನ್ನು ಬಲ್ಲ ಮೇಸ್ತ್ರಿಗಳಿಂದಲೇ ಹೊಂದಿಸಿಕೊಳ್ಳುವುದು ಲೇಸು.

ಮೂರನೆಯದು ಎಣ್ಣೆ. ಹಳೆಯ ಬುಲೆಟ್ಟಿನಲ್ಲಿ ಎಂಜಿನ್ನಿಗೆ ಬೇರೆ, ಗೇರ್‌ಬಾಕ್ಸಿಗೆ ಬೇರೆ, ಎಡಗಡೆಯ ಚೈನ್ ಕೇಸಿಗೆ ಬೇರೆ, ಹೀಗೆ ಮೂರು ಕೋಣೆಗಳಿವೆ. ಕ್ಲಚ್ಚು ಇರುವುದು ಚೈನ್ ಕೇಸಿನಲ್ಲಿ. ಅಲ್ಲಿ ಎಣ್ಣೆ ಸೋರಿ ಕಡಿಮೆಯಾದರೆ ಚೈನೂ ಪ್ಲೇಟುಗಳೂ ಕಾಯುತ್ತವೆ. ಹೆಚ್ಚಾದರೂ ಕೇಡೇ. ಅಳತೆಯ ಸ್ಕ್ರೂ ತನಕ ಮಾತ್ರ ತುಂಬಿಸಿ. ಎಂಜಿನ್ನಿನ ಎಣ್ಣೆಯಲ್ಲಿಯೇ ಕ್ಲಚ್ಚು ಮುಳುಗಿರುವ ಈಚಿನ ಗಾಡಿಗಳಲ್ಲಿ ಇನ್ನೊಂದು ಎಚ್ಚರ ಬೇಕು. ಕಾರಿಗಾಗಿ ಮಾಡಿದ, ಇಂಧನ ಉಳಿತಾಯದ ಗುರುತಿರುವ ಎಣ್ಣೆಯಲ್ಲಿ ಜಾರುವಿಕೆಯನ್ನು ಹೆಚ್ಚಿಸುವ ದ್ರವ್ಯಗಳಿರುತ್ತವೆ. ಅವು ಕ್ಲಚ್ಚಿಗೆ ವಿಷ. ಡಬ್ಬಿಯ ಮೇಲೆ ಜಾಸೋ ಎಂ.ಎ. ಅಥವಾ ಎಂ.ಎ.2 ಎಂಬ ಗುರುತು ನೋಡಿ ಕೊಳ್ಳಿ. ಎಂ.ಬಿ. ಎಂಬುದು ಇಂಥ ಕ್ಲಚ್ಚಿಗಲ್ಲ.

ಒಂದು ಉದಾಹರಣೆ

ನಮ್ಮ ಸದಸ್ಯ ಬಂಧುಗಳೊಬ್ಬರು, ಹೋಟೆಲಿನ ಗಲ್ಲೆಯಲ್ಲಿ ಕೂರುವವರು, ಎತ್ತರದ ಹ್ಯಾಂಡಲಿನ ಒಂದು ಹಳೆಯ ಬುಲೆಟ್ಟು ಕೊಂಡರು. ಸಿಗ್ನಲ್ಲಿನಲ್ಲಿ ನ್ಯೂಟ್ರಲ್ ಸಿಗುತ್ತಿರಲಿಲ್ಲ. ಸೇತುವೆ ಏರುವಾಗ ಎಂಜಿನ್ ಕೂಗುತ್ತಿತ್ತು, ಗಾಡಿ ಏರುತ್ತಿರಲಿಲ್ಲ. ಅಂಟುವುದೂ ಉಂಟು, ಜಾರುವುದೂ ಉಂಟು. ಎರಡು ವಿರುದ್ಧ ರೋಗಗಳು ಒಂದೇ ದೇಹದಲ್ಲಿ! ಒಂದು ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚಿ ಬೋರ್ ಮಾಡಿಸಬೇಕೆಂದರು. ಅವರು ಸಂಘಕ್ಕೆ ಬಂದು ಹೇಳಿದರು. ನಾವು ನಾಲ್ಕು ಜನ, ಅವರಲ್ಲಿ ಒಬ್ಬರು ಗಿರಣಿಯಲ್ಲಿ ಫಿಟರ್ ಆಗಿದ್ದವರು, ಒಂದು ಭಾನುವಾರ ಕುಳಿತು ನೋಡಿದೆವು.

ಕೇಬಲ್ಲು ಗಿಡ್ಡ, ಹ್ಯಾಂಡಲ್ ತಿರುಗಿಸಿದರೆ ಸಡಿಲೆಲ್ಲ ಮಾಯ. ಇದರಿಂದ ಜಾರುವಿಕೆ. ಜಾರುತ್ತದೆಂದು ಹಿಂದಿನವರು ಯಾರೋ ಸ್ಪ್ರಿಂಗಿನ ಅಡಿಯಲ್ಲಿ ವಾಷರುಗಳನ್ನು ತುರುಕಿದ್ದರು, ಒಂದು ಕಡೆ ಎರಡು, ಇನ್ನೊಂದು ಕಡೆ ಒಂದು. ಇದರಿಂದ ಪ್ರೆಷರ್ ಪ್ಲೇಟು ಸೊಟ್ಟಗೆ ಏಳುತ್ತಿತ್ತು, ಒಂದು ಪಕ್ಕ ಬಿಟ್ಟರೆ ಇನ್ನೊಂದು ಪಕ್ಕ ಹಿಡಿಯುತ್ತಿತ್ತು. ಇದರಿಂದ ಅಂಟುವಿಕೆ. ಒಂದು ರೋಗಕ್ಕೆ ಕೊಟ್ಟ ತಪ್ಪು ಮದ್ದು ಎರಡನೆಯ ರೋಗವಾಗಿತ್ತು. ಸರಿಯಾದ ಉದ್ದದ ಕೇಬಲ್ಲು, ಹೊಸ ಸ್ಪ್ರಿಂಗುಗಳು, ಜಾರಿ ಜಾರಿ ಹೊಳಪೇರಿದ್ದ ಘರ್ಷಣೆಯ ಪ್ಲೇಟುಗಳ ಬದಲಿಗೆ ಹೊಸವು, ಚೈನ್ ಕೇಸಿಗೆ ಹೊಸ ಎಣ್ಣೆ, ಅಷ್ಟೇ. ಎಂಜಿನ್ನನ್ನು ಯಾರೂ ಮುಟ್ಟಲಿಲ್ಲ. ಆ ಗಾಡಿ ಇಂದಿಗೂ ಅವರನ್ನು ಬೆಳಗಿನ ಪಾಳಿಗೆ ಮುಟ್ಟಿಸುತ್ತಿದೆ.

ಬಿಚ್ಚಬೇಕಾಗಿ ಬಂದರೆ

ಹೊರಗಿನದೆಲ್ಲ ಸರಿಯಿದ್ದೂ ರೋಗ ಉಳಿದರೆ ಬಿಚ್ಚಲೇಬೇಕು. ಎಂಜಿನ್ ತಣಿದಿರಲಿ. ಬ್ಯಾಟರಿಯ ತಂತಿ ಬಿಡಿಸಿ, ಏಕೆಂದರೆ ಅನೇಕ ಮಾದರಿಗಳಲ್ಲಿ ಆಲ್ಟರ್ನೇಟರೂ ಚೈನ್ ಕೇಸಿನೊಳಗೇ ಇದೆ. ಕೆಳಗೆ ಒಂದು ತಟ್ಟೆಯಿಟ್ಟು ಎಣ್ಣೆ ಇಳಿಸಿ. ಹಳೆಯ ಬುಲೆಟ್ಟಿನ ಹೊರ ಮುಚ್ಚಳ ನಡುವಿನ ಒಂದೇ ನಟ್ಟಿನ ಮೇಲೆ ನಿಂತಿದೆ. ಕಾಲೂರುವ ಕಂಬಿಯನ್ನೂ ಬ್ರೇಕಿನ ಪೆಡಲನ್ನೂ ಸರಿಸಿ ಅದನ್ನು ಬಿಚ್ಚಿ. ಮುಚ್ಚಳವನ್ನು ಸ್ಕ್ರೂ ಡ್ರೈವರಿನಿಂದ ಮೀಟಬೇಡಿ. ಅಂಚು ಗಾಯವಾದರೆ ಎಣ್ಣೆ ಸೋರುವುದು ನಿಲ್ಲುವುದಿಲ್ಲ.

ಪ್ಲೇಟು ತೆಗೆಯುವ ಮುನ್ನ ಒಂದು ಪರೀಕ್ಷೆ ಮಾಡಿ. ಒಬ್ಬರು ಲಿವರ್ ಹಿಡಿಯಲಿ, ಸ್ವಿಚ್ಚು ಮುಚ್ಚಿರಲಿ, ಕಿಕ್ಕನ್ನು ಕೈಯಿಂದ ಮೆಲ್ಲನೆ ಒತ್ತಿ. ಪ್ರೆಷರ್ ಪ್ಲೇಟು ಸಮನಾಗಿ ಎದ್ದು, ಓಲಾಡದೆ ತಿರುಗಬೇಕು. ಓಲಾಡಿದರೆ ಸ್ಪ್ರಿಂಗಿನ ಸ್ಕ್ರೂಗಳನ್ನು ಸಮ ಮಾಡಿ. ಎಷ್ಟೋ ಸಲ ಇಷ್ಟಕ್ಕೇ ಅಂಟುವಿಕೆ ವಾಸಿಯಾಗುತ್ತದೆ.

ಬಳಿಕ ಸ್ಪ್ರಿಂಗುಗಳನ್ನು ಸ್ವಲ್ಪ ಸ್ವಲ್ಪವಾಗಿ, ಎದುರುಬದುರಾಗಿ ಸಡಿಲಿಸಿ ತೆಗೆಯಿರಿ. ಪ್ಲೇಟುಗಳನ್ನು ತೆಗೆದ ಕ್ರಮದಲ್ಲಿಯೇ ಹಳೆಯ ವರ್ತಮಾನ ಪತ್ರಿಕೆಯ ಮೇಲೆ ಸಾಲಾಗಿಡಿ. ಈಗ ಒಂದೊಂದಾಗಿ ನೋಡಿ. ಘರ್ಷಣೆಯ ಪ್ಲೇಟಿನ ದಪ್ಪವನ್ನು ವರ್ನಿಯರಿನಿಂದ ಅಳೆದು ತಯಾರಕರ ಪುಸ್ತಕದ ಅಳತೆಗೆ ಹೋಲಿಸಿ. ಸುಟ್ಟ ವಾಸನೆ, ಬಿರುಕು, ಗಾಜಿನಂಥ ಹೊಳಪು ಇದ್ದರೆ ಬದಲಾಯಿಸಿ. ಉಕ್ಕಿನ ಪ್ಲೇಟನ್ನು ಸಮತಲದ ಗಾಜಿನ ಮೇಲಿಡಿ. ಅದು ಅಲ್ಲಾಡಿದರೆ ಬಾಗಿದೆ. ನೀಲಿ ಬಣ್ಣವಾಗಿದ್ದರೆ ಅತಿಯಾಗಿ ಕಾದಿದೆ. ಬಾಗಿದ ಪ್ಲೇಟನ್ನು ಸುತ್ತಿಗೆಯಿಂದ ಸಮ ಮಾಡಲಾಗದು. ಸ್ಪ್ರಿಂಗುಗಳನ್ನು ಸಾಲಾಗಿ ನಿಲ್ಲಿಸಿ; ಗಿಡ್ಡವಾದದ್ದು ಕಣ್ಣಿಗೇ ತಿಳಿಯುತ್ತದೆ. ಒಂದು ಸೋತಿದ್ದರೂ ಇಡೀ ಕಟ್ಟನ್ನೇ ಬದಲಾಯಿಸಿ. ಡ್ರಮ್ಮಿನ ಗಾಡಿಗಳಲ್ಲಿಯೂ ಹಬ್ಬಿನ ಹಲ್ಲುಗಳಲ್ಲಿಯೂ ಪ್ಲೇಟಿನ ಕಿವಿಗಳು ಒತ್ತಿ ಹಳ್ಳ ಮಾಡಿದ್ದರೆ ಪ್ಲೇಟು ಅಲ್ಲಿ ಸಿಕ್ಕಿಕೊಂಡು ಬಿಡುವುದಿಲ್ಲ. ಹಳ್ಳ ಅಲ್ಪವಾಗಿದ್ದರೆ ಅರದಿಂದ ನಯ ಮಾಡಬಹುದು, ಆಳವಾಗಿದ್ದರೆ ಭಾಗವನ್ನೇ ಬದಲಾಯಿಸಬೇಕು. ಪುಷ್ ರಾಡು ನೇರವಾಗಿರಬೇಕು, ತುದಿ ಅಣಬೆಯಂತೆ ಅಗಲವಾಗಿರಬಾರದು. ನಡುವಿನ ನಟ್ಟು ಬಿಗಿಯಾಗಿದೆಯೇ, ಬೇರಿಂಗು ಅಲ್ಲಾಡುತ್ತದೆಯೇ ನೋಡಿ.

ಹೊಸ ಘರ್ಷಣೆಯ ಪ್ಲೇಟುಗಳನ್ನು ಒಣಗಿದ್ದಂತೆಯೇ ಹಾಕಬೇಡಿ. ಕೇಸಿಗೆ ಹಾಕುವ ಎಣ್ಣೆಯಲ್ಲಿಯೇ ಹಿಂದಿನ ರಾತ್ರಿ ನೆನೆಹಾಕಿ, ಉದ್ದಿನಬೇಳೆ ನೆನೆಹಾಕಿದ ಹಾಗೆ. ಕ್ರಮ ತಪ್ಪದೆ ಜೋಡಿಸಿ, ಸ್ಪ್ರಿಂಗುಗಳನ್ನು ಸಮನಾಗಿ ಬಿಗಿದು, ಸಮನಾಗಿ ಏಳುತ್ತದೆಯೇ ಎಂದು ಮತ್ತೆ ನೋಡಿ, ಮುಚ್ಚಿ, ಎಣ್ಣೆ ತುಂಬಿ, ಹೊಂದಿಕೆಯನ್ನು ಮೊದಲಿನಿಂದ ಮಾಡಿ. ಕೆಲವು ದಿನ ಓಡಿದ ಮೇಲೆ ಪ್ಲೇಟುಗಳು ಕೂರುತ್ತವೆ. ಆಗ ಸಡಿಲನ್ನು ಇನ್ನೊಮ್ಮೆ ಪರೀಕ್ಷಿಸಿ.

ಧೂಳಿನ ಬಗ್ಗೆ

ಹತ್ತಿಯ ಧೂಳು ಪುಪ್ಪುಸಕ್ಕೆ ಏನು ಮಾಡುತ್ತದೆಂಬುದನ್ನು ಕಾರ್ಡಿಂಗ್ ಖಾತೆಯಲ್ಲಿ ದುಡಿದವರ ಕೆಮ್ಮು ನಮಗೆ ಕಲಿಸಿದೆ. ಹಳೆಯ ಕ್ಲಚ್ಚು ಮತ್ತು ಬ್ರೇಕುಗಳ ಘರ್ಷಣೆಯ ಪದರದಲ್ಲಿ ಕಲ್ನಾರು ಇರುವ ಸಂಭವವಿದೆ. ಅದರ ಧೂಳು ಒಳಹೊಕ್ಕರೆ ಎಷ್ಟೋ ವರ್ಷಗಳ ಬಳಿಕ ಕ್ಯಾನ್ಸರ್ ತರಬಲ್ಲದು. ಆದುದರಿಂದ ಬಾಯಿಂದಾಗಲಿ ಗಾಳಿಯ ಪಂಪಿನಿಂದಾಗಲಿ ಊದಬೇಡಿ. ಉಪ್ಪುಕಾಗದದಿಂದ ಒಣಗಿದ ಪ್ಲೇಟನ್ನು ಉಜ್ಜಬೇಡಿ. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ. ಮುಚ್ಚಿದ ಖೋಲಿಯಲ್ಲಿ ಎಂಜಿನ್ ಚಾಲೂ ಮಾಡಬೇಡಿ. ಆ ಹೊಗೆಯಲ್ಲಿರುವ ವಿಷಾನಿಲಕ್ಕೆ ವಾಸನೆಯಿಲ್ಲ. ಗ್ಯಾರೇಜಿನಲ್ಲಿ ದುಡಿಯುವ ಪುಟ್ಟ ಹುಡುಗರಿಗೂ ಇದನ್ನು ತಿಳಿಹೇಳುವುದು ನಮ್ಮ ಧರ್ಮ.

ಕ್ಲಚ್ಚನ್ನು ಉಳಿಸುವ ಬಗೆ

ಚಿಕಿತ್ಸೆಗಿಂತ ಪಥ್ಯ ಮೇಲು. ಸಿಗ್ನಲ್ಲಿನಲ್ಲಿ ಕ್ಲಚ್ಚು ಹಿಡಿದು ನಿಲ್ಲಬೇಡಿ, ನ್ಯೂಟ್ರಲಿಗೆ ತನ್ನಿರಿ. ಓಡಿಸುವಾಗ ಬೆರಳುಗಳನ್ನು ಲಿವರಿನ ಮೇಲೆ ಒರಗಿಸಬೇಡಿ. ಆ ಅಲ್ಪ ಭಾರವೇ ಪ್ಲೇಟನ್ನು ತಿನ್ನುತ್ತದೆ. ಏರಿನಲ್ಲಿ ಅರ್ಧ ಕ್ಲಚ್ಚಿನಲ್ಲಿ ಗಾಡಿಯನ್ನು ತೂಗಾಡಿಸಬೇಡಿ, ಬ್ರೇಕು ಹಿಡಿಯಿರಿ. ಊರಿಗೆ ಹೋಗಿ ತಿಂಗಳ ಮೇಲೆ ಬಂದಾಗ ಪ್ಲೇಟುಗಳು ಅಂಟಿರುತ್ತವೆ. ಸ್ವಿಚ್ಚು ಹಾಕುವ ಮುನ್ನ ಲಿವರ್ ಹಿಡಿದು ನಾಲ್ಕು ಸಲ ಕಿಕ್ ಹೊಡೆಯಿರಿ, ಬಿಟ್ಟುಕೊಳ್ಳುತ್ತವೆ. ಹಳೆಯ ಕೇಬಲ್ಲಿನ ಪಕ್ಕದಲ್ಲಿಯೇ ಹೊಸದೊಂದನ್ನು ಕಟ್ಟಿಟ್ಟುಕೊಂಡರೆ ನಡುದಾರಿಯಲ್ಲಿ ಹರಿದಾಗ ಹತ್ತು ನಿಮಿಷದ ಕೆಲಸ.

ಬಂಧುಗಳೇ, ಗ್ಯಾರೇಜಿನ ಮೇಸ್ತ್ರಿಗಳನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಅವರೂ ನಮ್ಮಂತೆಯೇ ಕೈ ಮಸಿ ಮಾಡಿಕೊಂಡು ದುಡಿಯುವವರು. ಅವರ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ. ಆದರೆ ಪ್ರಶ್ನೆ ಕೇಳಿ. ಯಾವುದನ್ನು ಬದಲಾಯಿಸುತ್ತೀರಿ, ಏಕೆ ಎಂದು ಕೇಳಿ. ತೆಗೆದ ಹಳೆಯ ಭಾಗವನ್ನು ಕೈಗೆ ಕೊಡಲು ಹೇಳಿ. ತಿಳಿದ ಗಿರಾಕಿಗೆ ಒಳ್ಳೆಯ ಮೇಸ್ತ್ರಿ ಸಂತೋಷದಿಂದ ತೋರಿಸುತ್ತಾನೆ. ಕೆಟ್ಟವನು ತಿಳಿದ ಗಿರಾಕಿಗೆ ಹೆದರುತ್ತಾನೆ. ನಾವು ತಿಳಿದವರಾದರೆ ಇಬ್ಬರಿಂದಲೂ ನಮಗೆ ಕ್ಷೇಮ.

ಕೊನೆಯದಾಗಿ ಸಮಿತಿಯ ಮುಂದೆ ಒಂದು ಸೂಚನೆ. ಒಂದು ಕಟ್ಟು ಪಾನ, ಒಂದು ವರ್ನಿಯರು, ಒಂದು ಚೂರು ದಪ್ಪ ಗಾಜು, ಗಾಡಿಗಳ ಕೈಪಿಡಿಗಳು, ಇಷ್ಟನ್ನು ಸಂಘದ ಕಪಾಟಿನಲ್ಲಿ ಪುಸ್ತಕಗಳ ಪಕ್ಕದಲ್ಲಿ ಇಡೋಣ. ಓದಲು ಪುಸ್ತಕ ಕೊಡುವ ಹಾಗೆಯೇ ಇವನ್ನೂ ಸಹಿ ಪಡೆದು ಕೊಡೋಣ. ಬಲ್ಲವರು ತಿಂಗಳಿಗೊಂದು ಭಾನುವಾರ ಬಂದು ಹುಡುಗರಿಗೆ ಕಲಿಸಲಿ. ಹತ್ತು ಜನಕ್ಕೆ ಒಂದು ಪಾನ ಸಾಕು. ಒಬ್ಬೊಬ್ಬರೂ ಬೇರೆ ಬೇರೆಯಾಗಿ ಮೋಸಹೋಗುವುದಕ್ಕಿಂತ ಅದು ಅಗ್ಗ.

 ಯಾರ ಗಾಡಿಯಲ್ಲಿ ಏನು ತೊಂದರೆಯಿದ್ದರೂ ಸಭೆ ಮುಗಿದ ಮೇಲೆ ಅಂಗಳಕ್ಕೆ ತನ್ನಿ, ಒಟ್ಟಾಗಿ ನೋಡೋಣ.